ಹತ್ತು ಸೆಕೆಂಡಿನ ಆಸರೆ



ಈ ಸುವರ್ಣ ಮಹೋತ್ಸವದಲ್ಲಿ ಮಕ್ಕಳಿಗೆ ವಿಜ್ಞಾನದ ಒಂದು ವಿಷಯ ಹೇಳಬೇಕೆಂದು ಶಾಲೆಯವರು ಕೇಳಿದರು. ನಾನು ಬಿ.ಇ. ಓದಿದವನು, ಜೀವಶಾಸ್ತ್ರವನ್ನು ಹತ್ತನೇ ತರಗತಿಗೇ ಬಿಟ್ಟವನು. ಬೆಂಗಳೂರಿನಲ್ಲಿ ಔಷಧ ತಯಾರಿಕೆಗೆ ಬೇಕಾದ ಸಾಫ್ಟ್‌ವೇರ್ ಬರೆಯುವಾಗ ಬ್ಯಾಕ್ಟೀರಿಯಾದ ಒಂದು ಸಂಗತಿ ಕಲಿತೆ. ಅದನ್ನೇ ಹೇಳುತ್ತೇನೆ.

ನಮ್ಮ ಕರುಳಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಇದೆ. ಅದರೊಳಗೆ ರೈಬೋಸೋಮ್ ಎಂಬ ಯಂತ್ರಗಳು ಅಮೈನೋ ಆಮ್ಲಗಳನ್ನು ಹೂ ಪೋಣಿಸಿದಂತೆ ಪೋಣಿಸಿ ಪ್ರೋಟೀನಿನ ಸರ ಮಾಡುತ್ತವೆ. ಬರೀ ಸರದಿಂದ ಕೆಲಸ ನಡೆಯದು. ಅದು ಮಡಚಿಕೊಂಡು ತನ್ನ ಆಕಾರಕ್ಕೆ ಬರಬೇಕು. ಆ ಆಕಾರದ ಗುಟ್ಟು ಸರದ ಜೋಡಣೆಯಲ್ಲೇ ಇದೆ ಎಂದು ತೋರಿಸಿದ ಆನ್‌ಫಿನ್ಸನ್ ಅವರಿಗೆ 1972ರಲ್ಲಿ ನೊಬೆಲ್ ಬಹುಮಾನ ಬಂತು. ಸರ ಯಾವ ಕೋನದಲ್ಲಿ ತಿರುಗಬಲ್ಲದು, ಯಾವುದರಲ್ಲಿ ತಿರುಗಲಾರದು ಎಂದು 1963ರಲ್ಲೇ ಲೆಕ್ಕ ಹಾಕಿದವರು ನಮ್ಮ ದೇಶದ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು 1971ರಲ್ಲಿ ಇದಕ್ಕಾಗಿಯೇ ಒಂದು ವಿಭಾಗ ಕಟ್ಟಿದರು.

ಗುಟ್ಟು ಸರದಲ್ಲೇ ಇದ್ದರೆ ಬೇರೆಯವರ ಸಹಾಯ ಏಕೆ? ಜೀವಕೋಶದ ಒಳಗೆ ಸಂತೆ ದಿನದ ಬಸ್ಸಿನಂಥ ನೂಕುನುಗ್ಗಲು. ಅರ್ಧ ಮಡಚಿದ ಸರದಲ್ಲಿ ನೀರಿಗೆ ಹೊಂದದ ಭಾಗಗಳು ಹೊರಗೇ ಇರುತ್ತವೆ. ಅಂಥ ಎರಡು ಸರ ಎದುರಾದರೆ ಅಂಟಿ ಗಂಟಾಗುತ್ತವೆ. ಬಿಸಿಯೂಟದ ಮೊಟ್ಟೆ ನೋಡಿ. ಬೇಯುವಾಗ ಅದರ ಪ್ರೋಟೀನುಗಳು ಬಿಚ್ಚಿಕೊಂಡು ಒಂದಕ್ಕೊಂದು ಅಂಟುತ್ತವೆ; ಬಿಳಿ ಗಟ್ಟಿಯಾಗುತ್ತದೆ. ಆರಿದ ಮೇಲೂ ಅದು ತಿಳಿಯಾಗದು.

ಇದನ್ನು ತಪ್ಪಿಸಲು ಶಾಪೆರೋನ್ ಎಂಬ ಸಹಾಯಕ ಪ್ರೋಟೀನುಗಳಿವೆ. ಒಂದು, ರೈಬೋಸೋಮಿನ ಬಾಗಿಲಲ್ಲೇ ನಿಂತು ಹೊರಬರುವ ಸರವನ್ನು ಕಾಯುತ್ತದೆ. ಇನ್ನೊಂದರ ಹೆಸರು ಗ್ರೋ-ಇಎಲ್. ಏಳೇಳು ತುಂಡುಗಳ ಎರಡು ಉಂಗುರ ಸೇರಿ ಆದ ಪೀಪಾಯಿ ಅದು. ಸರ ಒಳಗೆ ಹೋದ ಮೇಲೆ ಗ್ರೋ-ಇಎಸ್ ಎಂಬ ಮುಚ್ಚಳ ಬೀಳುತ್ತದೆ. ಸುಮಾರು ಹತ್ತು ಸೆಕೆಂಡು ಸರ ಒಂಟಿಯಾಗಿ ಮಡಚಿಕೊಳ್ಳಬಹುದು. ಆಮೇಲೆ ಮುಚ್ಚಳ ತೆರೆಯುತ್ತದೆ. ಇನ್ನೂ ಆಗಿಲ್ಲವೆಂದರೆ ಮತ್ತೆ ಒಳಗೆ. ಇ. ಕೋಲಿಯ ಪ್ರೋಟೀನುಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದಕ್ಕೆ ಈ ಆಸರೆ ಬೇಕು. ಗ್ರೋ-ಇಎಲ್ ಇಲ್ಲದಿದ್ದರೆ ಆ ಬ್ಯಾಕ್ಟೀರಿಯಾ ಬದುಕುವುದೇ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮಾತು. ಪೀಪಾಯಿಯ ಹತ್ತಿರ ಯಾವ ನಕ್ಷೆಯೂ ಇಲ್ಲ. ಬೇರೆ ಬೇರೆ ಸರಗಳಿಗೆ ಅದೇ ಪೀಪಾಯಿ. ಅದು ಕೊಡುವುದು ಜಾಗ, ಸ್ವಲ್ಪ ಹೊತ್ತು, ಆಮೇಲೆ ಬಿಟ್ಟುಬಿಡುತ್ತದೆ.

ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮದು ಒಂದೇ ಕೋಣೆಯ ಮನೆ. ಓದಲು ಜಾಗವಿರಲಿಲ್ಲ. ಮೇಷ್ಟ್ರೊಬ್ಬರು ಶಾಲೆಯ ಪ್ರಯೋಗಾಲಯದ ಬೀಗ ತೆಗೆದು, "ಎಂಟರ ತನಕ ಕೂತ್ಕೊಳ್ಳೋ" ಎಂದರು. ಪಾಠ ಹೇಳಲಿಲ್ಲ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು.

ನನ್ನ ಬೆಂಚಿನ ಗೆಳೆಯ ನನಗಿಂತ ಚುರುಕು. ನನ್ನ ಲೆಕ್ಕದ ತಪ್ಪು ತೋರಿಸುತ್ತಿದ್ದವನು ಅವನೇ. ಆ ವರ್ಷ ಅವನ ತಂದೆ ತೀರಿಕೊಂಡರು. ದನ, ತೋಟ ಅವನ ಪಾಲಿಗೆ ಬಂತು. ಎರಡು ವಿಷಯದಲ್ಲಿ ಫೇಲಾದ. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಪ್ರಯೋಗಾಲಯ ತೆರೆದಿರುತ್ತದೆ, ರಾತ್ರಿ ಒಂದು ಗಂಟೆ ಬಾ ಎಂದು ನಾನು ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಜಾಗ ನನಗೊಬ್ಬನಿಗೇ ಇರಲಿ ಎಂದುಕೊಂಡೆ. ಇದನ್ನು ಇವತ್ತೇ ಮೊದಲು ಹೇಳುತ್ತಿರುವುದು. ಅವನು ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ.

ಅವನ ಬಾಳು ಕೆಟ್ಟಿತೆಂದು ನಾನು ಹೇಳುತ್ತಿಲ್ಲ. ಅವನ ತೋಟ ನೋಡಿದವರಿಗೆ ಅವನ ಬುದ್ಧಿ ಗೊತ್ತು. ಮನುಷ್ಯ ಬೆಂದ ಮೊಟ್ಟೆಯಲ್ಲ. ಆದರೆ ಅವನ ಮಗಳು ಈಗ ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ಶಾಲೆಯವರು ಒಪ್ಪಿದರೆ, ಪರೀಕ್ಷೆಯ ತನಕ ಸಂಜೆ ಒಂದು ಕೋಣೆ ತೆರೆದಿಟ್ಟು ಸರದಿಯ ಮೇಲೆ ಕೂರೋಣ. ಪಾಠ ಮಾಡಲು ಬರಬೇಕೆಂದಿಲ್ಲ. ಪೇಪರ್ ಓದುತ್ತ ಕೂತರೂ ಸಾಕು. ಶನಿವಾರ ನನ್ನದು. ಬೆಂಗಳೂರಿಂದ ಬರುತ್ತೇನೆ.