ಮೇಜಿನ ಮೇಲೊಂದು ಹಾಯಿಹಡಗು



ಅಂಚೆಚೀಟಿ ಸಂಗ್ರಹ, ನಾಣ್ಯ ಸಂಗ್ರಹ, ಛಾಯಾಗ್ರಹಣ ಮುಂತಾದ ಹವ್ಯಾಸಗಳ ಬಗ್ಗೆ ನೀವು ಸಾಕಷ್ಟು ಕೇಳಿದ್ದೀರಿ. ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲದ ಇನ್ನೊಂದು ಹವ್ಯಾಸವಿದೆ. ಹಳೆಯ ಕಾಲದ ಹಾಯಿಹಡಗುಗಳ ಪುಟ್ಟ ಮಾದರಿಗಳನ್ನು ಕಿಟ್‌ಗಳ ಸಹಾಯದಿಂದ ಕಟ್ಟುವುದು. ಇಂದು ಅದರ ಪರಿಚಯ ಮಾಡಿಕೊಳ್ಳೋಣ.

ಕಿಟ್ ಎಂದರೇನು? ಒಂದು ಪೆಟ್ಟಿಗೆ. ಅದರೊಳಗೆ ಆಕಾರಕ್ಕೆ ತಕ್ಕಂತೆ ಕತ್ತರಿಸಿದ ಮರದ ಹಾಳೆಗಳು, ತೆಳುವಾದ ಮರದ ಪಟ್ಟಿಗಳು, ಹಲವು ದಪ್ಪದ ದಾರಗಳು, ಕಾಳಿನಷ್ಟು ಸಣ್ಣ ರಾಟೆಗಳು ಮತ್ತು ನಕಾಶೆಗಳಿರುತ್ತವೆ. ಪ್ಲಾಸ್ಟಿಕ್ ಕಿಟ್‌ಗಳೂ ಉಂಟು. ಅವುಗಳಲ್ಲಿ ಹಡಗಿನ ಒಡಲು ಎರಡು ಹೋಳುಗಳಾಗಿ ಸಿದ್ಧವಾಗಿಯೇ ಬರುತ್ತದೆ. ಮರದ ಕಿಟ್‌ನಲ್ಲಿ ಹಾಗಲ್ಲ. ಪೆಟ್ಟಿಗೆ ತೆರೆದಾಗ ಹಡಗು ಎಲ್ಲಿಯೂ ಕಾಣುವುದಿಲ್ಲ. ಅದನ್ನು ನೀವೇ ಕಟ್ಟಬೇಕು.

ಮೊದಲು ಅಳತೆಯ ವಿಚಾರ. ಉದಾಹರಣೆಗೆ ಷೆರ್ಬೋರ್ನ್ ಎಂಬ ಹಡಗನ್ನು ತೆಗೆದುಕೊಳ್ಳೋಣ. ಇದು ಇಂಗ್ಲೆಂಡಿನ ವುಲಿಚ್‌ನಲ್ಲಿ 1763ರಲ್ಲಿ ಕಟ್ಟಿದ, ಒಂದೇ ಕಂಬದ ಸಣ್ಣ ನೌಕೆ. ಆಗ ಇಂಗ್ಲೆಂಡಿನಲ್ಲಿ ಚಹದ ಮೇಲೆ ಭಾರಿ ಸುಂಕವಿತ್ತು. ಅದರಿಂದಾಗಿ ಕಳ್ಳಸಾಗಣೆಯೂ ಜೋರಾಗಿತ್ತು. ಕಳ್ಳಸಾಗಣೆದಾರರನ್ನು ಬೆನ್ನಟ್ಟಿ ಹಿಡಿಯಲು ಇಂಥ ಚುರುಕಾದ ಹಡಗುಗಳು ಬೇಕಾಗಿದ್ದವು. ಈ ಷೆರ್ಬೋರ್ನ್‌ನ ಕಿಟ್ 1:64ರ ಪ್ರಮಾಣದಲ್ಲಿದೆ. ಅಂದರೆ ನಿಜವಾದ ಹಡಗಿನ ಒಂದು ಅಡಿಗೆ ಮಾದರಿಯಲ್ಲಿ ಒಂದು ಅಂಗುಲದ ಹದಿನಾರರಲ್ಲಿ ಮೂರು ಭಾಗ. ಸುಮಾರು 55 ಅಡಿ ಉದ್ದದ ಒಡಲು ನಿಮ್ಮ ಮೇಜಿನ ಮೇಲೆ 26 ಸೆಂಟಿಮೀಟರ್ ಆಗುತ್ತದೆ. 170 ಸೆಂಟಿಮೀಟರ್ ಎತ್ತರದ ನಾವಿಕ ಎರಡೂ ಮುಕ್ಕಾಲು ಸೆಂಟಿಮೀಟರಿಗೂ ತುಸು ಕಡಿಮೆ ಎತ್ತರಕ್ಕೆ ಇಳಿಯುತ್ತಾನೆ. ಅಷ್ಟೆತ್ತರದ ಒಬ್ಬ ಕಾಗದದ ಮನುಷ್ಯನನ್ನು ಕತ್ತರಿಸಿ ಇಟ್ಟುಕೊಳ್ಳಿ. ಅವನು ಮುಂದೆ ನಿಮಗೆ ಬಹಳ ಉಪಯೋಗಕ್ಕೆ ಬರುತ್ತಾನೆ.

ಕಟ್ಟುವ ಕ್ರಮ ಹೀಗೆ. ಹಡಗಿನ ಉದ್ದಕ್ಕೂ ಬೆನ್ನೆಲುಬಿನಂಥ ಒಂದು ಹಲಗೆ ಇರುತ್ತದೆ. ಅದರ ಗಾಡಿಗಳಲ್ಲಿ ಪಕ್ಕೆಲುಬುಗಳಂತೆ ಅಡ್ಡಹಲಗೆಗಳನ್ನು ಕೂಡಿಸಬೇಕು. ಅಂಟು ಹಚ್ಚುವ ಮೊದಲು ಎಲ್ಲವನ್ನೂ ಹಾಗೆಯೇ ಜೋಡಿಸಿ, ಪ್ರತಿಯೊಂದು ಅಡ್ಡಹಲಗೆಯೂ ನೇರವಾಗಿ ನಿಂತಿದೆಯೇ ಎಂದು ಮೂಲೆಮಟ್ಟ ಹಿಡಿದು ನೋಡಬೇಕು. ಆಮೇಲೆ ಅವುಗಳ ಅಂಚನ್ನು ಸ್ಯಾಂಡ್‌ಪೇಪರಿನಿಂದ ಓರೆಯಾಗಿ ಉಜ್ಜಬೇಕು. ಆಗಲೇ ಮೇಲೆ ಬರುವ ಪಟ್ಟಿಗಳು ಅಂಚಿಗೆ ಪೂರ್ತಿ ಅಂಟಿಕೊಳ್ಳುವುದು. ಪಟ್ಟಿಗಳನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ನಿಧಾನವಾಗಿ ಬಾಗಿಸಿ, ಬಡಗಿಗಳು ಬಳಸುವ ಬಿಳಿಯ ಅಂಟಿನಿಂದ ಕೂಡಿಸುವುದು. ಹಡಗಿನ ಮುಂಭಾಗ ಕಿರಿದಾಗುವುದರಿಂದ ಪಟ್ಟಿಗಳ ತುದಿಗಳನ್ನೂ ಕಿರಿದು ಮಾಡಬೇಕು. ಬಲಕ್ಕೆ ಒಂದು ಪಟ್ಟಿ, ಎಡಕ್ಕೆ ಒಂದು ಪಟ್ಟಿ, ಹೀಗೆ ಎರಡೂ ಕಡೆ ಸಮವಾಗಿ ಹೋಗಬೇಕು. ಒಂದೇ ಕಡೆ ಮುಗಿಸಿಬಿಟ್ಟರೆ ಒಡಲು ಆ ಕಡೆಗೆ ತಿರುಚಿಕೊಳ್ಳುತ್ತದೆ.

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳಬೇಕು. ನಾನು ಕಾಲೇಜಿನಲ್ಲಿದ್ದಾಗ ಸರಕು ಹಡಗಿನಲ್ಲಿ ಕೆಲಸದಲ್ಲಿದ್ದ ನಮ್ಮ ಭಾವ ಒಂದು ಸಣ್ಣ ಕಿಟ್ ತಂದುಕೊಟ್ಟರು. ಕಾಲೇಜಿನ ವಸ್ತುಪ್ರದರ್ಶನಕ್ಕೆ ಇಪ್ಪತ್ತೇ ದಿನ ಉಳಿದಿತ್ತು. ಅವಸರದಲ್ಲಿ ಎರಡು ಅಡ್ಡಹಲಗೆಗಳು ಕೂದಲೆಳೆಯಷ್ಟು ಓರೆಯಾಗಿ ಕೂತವು. ನನಗೆ ಅದು ಗೊತ್ತಿತ್ತು. ‘ಮೇಲೆ ಪಟ್ಟಿ ಬಂದರೆ ಮುಚ್ಚಿಹೋಗುತ್ತದೆ’ ಎಂದುಕೊಂಡೆ. ಹನ್ನೊಂದನೆಯ ಪಟ್ಟಿಗೆ ಬರುವ ಹೊತ್ತಿಗೆ ಬಿರುಕು ಕಾಣಿಸಿತು. ಮರದ ಪುಡಿಗೆ ಅಂಟು ಕಲಸಿ ತುಂಬಿದೆ, ಬಣ್ಣ ಬಳಿದೆ. ಪ್ರದರ್ಶನದಲ್ಲಿ ಎಲ್ಲರೂ ಹೊಗಳಿದರು. ಬೆಂಚುಗಳ ರಿಪೇರಿಗೆಂದು ಬಂದಿದ್ದ ವಯಸ್ಸಾದ ಆಚಾರ್ರು ಮಾತ್ರ ಬಗ್ಗಿ, ಒಂದು ಕಣ್ಣು ಮುಚ್ಚಿ ಮುಂದಿನಿಂದ ನೋಡಿದರು. “ತಮ್ಮಾ, ಇದರ ಮೂತಿ ಬಲಕ್ಕೆ ಎಳೆದಿದೆ. ಒಳಗೆಲ್ಲೋ ಸೊಟ್ಟ ಇದೆ ನೋಡು” ಎಂದರು.

ನನಗೆ ಬಹುಮಾನವೂ ಬಂತು. ಆದರೆ ಮನೆಗೆ ತಂದು ಇಟ್ಟ ಮೇಲೆ ಆ ಹಡಗಿನಲ್ಲಿ ನನಗೆ ಸೊಟ್ಟ ಮೂತಿಯೊಂದೇ ಕಾಣತೊಡಗಿತು. ಕೊನೆಗೆ ಒಂದು ಭಾನುವಾರ ಬಿಚ್ಚಲು ಕುಳಿತೆ. ಬಿಳಿಯ ಅಂಟಿನ ಒಂದು ಒಳ್ಳೆಯ ಗುಣವೆಂದರೆ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಬಹಳ ಹೊತ್ತು ಇಟ್ಟರೆ ಅದು ಮೆತ್ತಗಾಗುತ್ತದೆ. ಆದರೂ ಅರ್ಧಕ್ಕರ್ಧ ಪಟ್ಟಿಗಳು ಮುರಿದವು. ಬೇರೆ ಪಟ್ಟಿಗಳನ್ನು ಸೀಳಿಕೊಟ್ಟವರು ಅದೇ ಆಚಾರ್ರು. ಮತ್ತೆ ಕಟ್ಟಲು ನಾಲ್ಕು ತಿಂಗಳು ಹಿಡಿಯಿತು. ಈ ಸಲ ಅದನ್ನು ನೋಡಲು ಯಾರೂ ಬರಲಿಲ್ಲ, ಬಹುಮಾನವೂ ಇರಲಿಲ್ಲ. ಆದರೆ ಒಂದು ಕಣ್ಣು ಮುಚ್ಚಿ ನೋಡಿದಾಗ ಮೂತಿ ನೇರವಾಗಿತ್ತು.

ಒಡಲು ಮುಗಿದ ಮೇಲೆ ಹಗ್ಗಗಳ ಕೆಲಸ. ಹಾಯಿಹಡಗಿನಲ್ಲಿ ಎರಡು ಬಗೆಯ ಹಗ್ಗಗಳಿವೆ. ಕಂಬವನ್ನು ಬಿಗಿಹಿಡಿದು ನಿಲ್ಲಿಸುವವು ಒಂದು ಬಗೆ. ಅವಕ್ಕೆ ಡಾಂಬರು ಹಚ್ಚುತ್ತಿದ್ದುದರಿಂದ ಮಾದರಿಯಲ್ಲಿ ಕಪ್ಪು ದಾರ ಬಳಸುತ್ತಾರೆ. ಹಾಯಿಗಳನ್ನು ಎತ್ತುವ, ಇಳಿಸುವ, ತಿರುಗಿಸುವ ಹಗ್ಗಗಳು ಇನ್ನೊಂದು ಬಗೆ. ಅವಕ್ಕೆ ಕಂದು ಬಣ್ಣದ ದಾರ. ಕಂಬದ ಪಕ್ಕದ ಕಪ್ಪು ಹಗ್ಗಗಳಿಗೆ ಅಡ್ಡಲಾಗಿ ಏಣಿಯ ಮೆಟ್ಟಿಲಿನಂತೆ ದಾರಗಳನ್ನು ಗಂಟು ಹಾಕಬೇಕು. ನಾವಿಕರು ಹತ್ತುತ್ತಿದ್ದುದು ಇದನ್ನೇ. ಗಂಟುಗಳ ನಡುವೆ ಎಷ್ಟು ಅಂತರವಿರಬೇಕು? ಈಗ ನಿಮ್ಮ ಕಾಗದದ ಮನುಷ್ಯನನ್ನು ಕರೆಯಿರಿ. 6 ಮಿಲಿಮೀಟರ್ ಬಿಟ್ಟರೆ ನಿಜವಾದ ಹಡಗಿನಲ್ಲಿ ಅದು 38 ಸೆಂಟಿಮೀಟರ್, ಮನುಷ್ಯ ಹತ್ತಬಹುದು. ಬೇಸರವಾಗಿ 12 ಮಿಲಿಮೀಟರ್ ಬಿಟ್ಟಿರೋ, ಪಾಪ, ಅವನು ಒಂದೊಂದು ಹೆಜ್ಜೆಗೂ 77 ಸೆಂಟಿಮೀಟರ್ ಕಾಲೆತ್ತಬೇಕು! ಬಿರುಗಾಳಿಯಲ್ಲಿ, ತೊಯ್ದ ಹಗ್ಗದ ಮೇಲೆ, ಕತ್ತಲಲ್ಲಿ ಹತ್ತುತ್ತಿದ್ದ ಮನುಷ್ಯರ ನೆನಪು ಆ ದಾರ ಕಟ್ಟುವಾಗ ಬಾರದಿರದು. ಇತಿಹಾಸದ ಪಾಠ ಬೆರಳ ತುದಿಗೆ ಬರುವುದೆಂದರೆ ಇದೇ.

ಎಲ್ಲೋ ಇಂಗ್ಲೆಂಡಿನ ಹಡಗು, ನಮಗೇನು ಸಂಬಂಧ ಎಂದು ನೀವು ಕೇಳಬಹುದು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇಂದಿಗೂ ನೀರಿನ ಮೇಲಿರುವ ಟ್ರಿಂಕೋಮಲೀ ಎಂಬ ಯುದ್ಧನೌಕೆಯ ಕತೆ ಕೇಳಿ. ಅದನ್ನು ಕಟ್ಟಿದ್ದು ಮುಂಬಯಿಯಲ್ಲಿ, ಮಲಬಾರಿನ ತೇಗದಿಂದ. ಕಟ್ಟಿಸಿದವರು ವಾಡಿಯಾ ಮನೆತನದ ಜಮ್‌ಸೆಟ್‌ಜಿ ಬೊಮನ್‌ಜಿ. ಇಂಗ್ಲೆಂಡಿನಿಂದ ಕಳುಹಿಸಿದ ಮೊದಲ ನಕಾಶೆಗಳು ಅವರ ಕೈಸೇರಲೇ ಇಲ್ಲ. ಅವನ್ನು ಹೊತ್ತಿದ್ದ ಜಾವಾ ಎಂಬ ನೌಕೆ 1812ರಲ್ಲಿ ಬ್ರೆಜಿಲ್ ಸಮೀಪದ ಕಾಳಗದಲ್ಲಿ ನಾಶವಾಯಿತು. ಇನ್ನೊಂದು ಪ್ರತಿಯನ್ನು ಕಳುಹಿಸಬೇಕಾಯಿತು. 1817ರ ಅಕ್ಟೋಬರ್‌ನಲ್ಲಿ ಹಡಗು ನೀರಿಗಿಳಿಯಿತು. ಕಾಗದದ ಮೇಲಿನ ಗೆರೆಗಳನ್ನು ಓದಿ, ಇನ್ನೂರು ವರ್ಷ ದಾಟಿಯೂ ತೇಲುವ ಹಡಗನ್ನು ನಮ್ಮ ದೇಶದ ಕೈಗಳು ಕಟ್ಟಿದವು. ನಕಾಶೆ ಬಿಡಿಸಿಕೊಂಡು ಕುಳಿತಾಗ ನೀವು ಮಾಡುವುದೂ, ಸಣ್ಣ ಪ್ರಮಾಣದಲ್ಲಿ, ಅದೇ ಕೆಲಸ.

ಕೊನೆಯದಾಗಿ ಕೆಲವು ಸಲಹೆಗಳು. ಮೂರು ಕಂಬದ, ನೂರು ಫಿರಂಗಿಯ ಹಡಗಿನ ಚಿತ್ರ ನೋಡಿ ಮರುಳಾಗಬೇಡಿ. ಅಂಥ ಕಿಟ್‌ಗಳು ಅರ್ಧಕ್ಕೆ ನಿಂತು ಅಟ್ಟ ಸೇರುವುದೇ ಹೆಚ್ಚು. ಒಂಟಿಕಂಬದ ಹಡಗಿನಿಂದ ಪ್ರಾರಂಭಿಸಿ. ಮರದ ಕಿಟ್‌ಗಳು ದುಬಾರಿ. ನಾಲ್ಕೈದು ಗೆಳೆಯರು ಸೇರಿ ಒಂದನ್ನು ಕೊಳ್ಳಬಹುದು. ಅದೂ ಆಗದಿದ್ದರೆ ರಟ್ಟಿನ ಅಡ್ಡಹಲಗೆ, ಬಿದಿರಿನ ಸೀಳುಗಳಿಂದಲೇ ಕೈ ಪಳಗಿಸಿಕೊಳ್ಳಿ. ಒಂದು ಹರಿತವಾದ ಸಣ್ಣ ಚಾಕು, ಚಿಮುಟ, ಸ್ಯಾಂಡ್‌ಪೇಪರ್, ಮೂಲೆಮಟ್ಟ, ಬಟ್ಟೆ ಒಣಹಾಕುವ ಒಂದಷ್ಟು ಕ್ಲಿಪ್ಪುಗಳು, ಇಷ್ಟಿದ್ದರೆ ಸಾಕು. ದಿನಕ್ಕೆ ಅರ್ಧ ಗಂಟೆ ಕೊಡಿ. ಪರೀಕ್ಷೆ ಬಂದರೆ ಬಟ್ಟೆ ಮುಚ್ಚಿಡಿ.

ತಪ್ಪು ಆಗಿಯೇ ಆಗುತ್ತದೆ. ಆದಾಗ ಬಣ್ಣದ ಡಬ್ಬಿಗೆ ಕೈ ಹಾಕಬೇಡಿ, ಬಿಸಿನೀರು ಇಡಿ. ನನ್ನ ಆ ಹಡಗು ಇಂದಿಗೂ ಮೇಜಿನ ಮೇಲಿದೆ. ಅದರ ಒಂದೆರಡು ಪಟ್ಟಿಗಳಲ್ಲಿ ಹಳೆಯ ಅಂಟಿನ ಕಲೆ ಉಳಿದುಕೊಂಡಿದೆ. ಬಂದವರು ಅದೇನೆಂದು ಕೇಳಿದರೆ ಸಂತೋಷದಿಂದಲೇ ಹೇಳುತ್ತೇನೆ.

ನಿಮ್ಮ ಹಡಗಿಗೆ ಶುಭವಾಗಲಿ.