ಅರ್ಥ ಗೊತ್ತು, ಶಬ್ದ ಯಾವುದು?

ಶಬ್ದ ಗೊತ್ತಿದ್ದು ಅರ್ಥ ತಿಳಿಯದಿದ್ದರೆ ಕೋಶ ತೆರೆದು ನೋಡಬಹುದು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿಯೇ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಪೂರ್ಣಗೊಂಡಿತು. ಆದರೆ ಅರ್ಥ ಗೊತ್ತಿದ್ದು ಶಬ್ದವೇ ತಿಳಿಯದಿದ್ದರೆ? ಅಲ್ಲಿ ಅಕಾರಾದಿ ದಾರಿ ತೋರದು.

ನವಲಗುಂದದ ಕಡೆಯ ಎರೆ ಸೀಮೆಯ ಮಾತನ್ನೇ ತೆಗೆದುಕೊಳ್ಳಿರಿ. ನೆಲವನ್ನು ಆಳವಾಗಿ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಕಾಪಾಡುವ ಕುಣಿಗೆ ಏನೆನ್ನುತ್ತಾರೆ? ಕಲಿತವರು ‘ಭೂಗತ ಧಾನ್ಯಾಗಾರ’ ಎಂದು ಬರೆದಾರು. ಊರ ಹಿರಿಯರು ‘ಹಗೇವು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಸಾಲು ಹಿಡಿದು ಬೀಜ ಬಿತ್ತುವುದು ಕೂರಿಗೆ. ಬೆಳೆಯ ಸಾಲುಗಳ ನಡುವೆ ಕಳೆ ತೆಗೆಯುವುದು ಎಡೆಕುಂಟೆ.

ಹಳಬರು ಇದಕ್ಕೂ ಹಾದಿ ಕಂಡಿದ್ದರು. ಸಂಸ್ಕೃತದ ಅಮರಕೋಶ ಶಬ್ದಗಳನ್ನು ವಿಷಯಕ್ಕನುಸಾರವಾಗಿ ವರ್ಗ ಮಾಡಿತು. ಒಕ್ಕಲುತನದ ಶಬ್ದ ಬೇಕಾದವರು ವೈಶ್ಯವರ್ಗವನ್ನು ನೋಡಬೇಕು. ನಮ್ಮ ಒಗಟೂ ಲಕ್ಷಣ ಹೇಳಿ ಹೆಸರು ಕೇಳುವುದೇ ಅಲ್ಲವೆ?

ಹಗೇವು ಮುಚ್ಚಿದ ಊರಿನಲ್ಲಿ ಅದರ ಹೆಸರೂ ಮಣ್ಣು ಸೇರುತ್ತದೆ. ಆದುದರಿಂದ ನಿಮ್ಮೂರ ಹಿರಿಯರ ಮುಂದೆ ವಸ್ತುವಿನ ಕೆಲಸವನ್ನು ವಿವರಿಸಿ, ‘ಇದಕ್ಕ ಏನಂತೀರಿ?’ ಎಂದು ಕೇಳಿರಿ. ಬಂದ ಉತ್ತರವನ್ನು ಅವರ ಉಚ್ಚಾರದಲ್ಲಿಯೇ ಆ ವಿವರಣೆಯ ಕೆಳಗೆ ಬರೆದಿಡಿರಿ.