ಗೂಡು ಒಣಗಿರಲಿ, ತಿಪ್ಪೆ ಹಸಿಯಾಗಿರಲಿ

(ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಸ್ವ-ಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿಯ ಬರಹ ರೂಪ)



ನಮ್ಮ ಸಂಘಗಳಲ್ಲಿ ಬಹಳ ಜನ ಆಂತರಿಕ ಸಾಲ ತೆಗೆದುಕೊಂಡು ಕೋಳಿ ಮರಿ ತರುತ್ತೀರಿ. ಕೆಲವರು ನಾಟಿ ಕೋಳಿ, ಕೆಲವರು ಗಿರಿರಾಜ, ಸ್ವರ್ಣಧಾರಾ. ಮರಿ ತಂದಾಗ ಎಲ್ಲರಿಗೂ ಮೊಟ್ಟೆಯ ಲೆಕ್ಕ, ಮಾಂಸದ ಲೆಕ್ಕ ಗೊತ್ತಿರುತ್ತದೆ. ಆದರೆ ಜುಲೈ ತಿಂಗಳ ಮಳೆಯಲ್ಲಿ ಮರಿಗಳು ಒಂದೊಂದಾಗಿ ತೂಕಡಿಸಿ ಸತ್ತರೆ, ಸಾಲದ ಕಂತು ಮಾತ್ರ ನಿಲ್ಲೋದಿಲ್ಲ. ಮರಿ ಹೋಯಿತು, ದುಡ್ಡೂ ಹೋಯಿತು. ಇದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ನಮ್ಮ ಕಾಲಕೆಳಗೇ ಇದೆ: ಗೂಡಿನ ಹಸಿ ನೆಲ.

ಇವತ್ತು ನಾನು ಹೇಳುವುದು ಒಂದೇ ಮಾತು. ಕೋಳಿ ಹಿಕ್ಕೆ ಗೂಡಿನಲ್ಲಿದ್ದಾಗ ಒಣಗಿರಬೇಕು, ತಿಪ್ಪೆಗೆ ಹೋದ ಮೇಲೆ ಹಸಿಯಾಗಿರಬೇಕು. ನಾವು ಎಷ್ಟೋ ಕಡೆ ಇದನ್ನು ಉಲ್ಟಾ ಮಾಡುತ್ತೇವೆ. ಗೂಡು ಹಸಿ, ತಿಪ್ಪೆ ಒಣ. ಆಗ ಕೋಳಿಗೂ ನಷ್ಟ, ಗೊಬ್ಬರಕ್ಕೂ ನಷ್ಟ.

ಹಸಿ ಯಾಕೆ ಕೆಟ್ಟದ್ದು?

ಕೋಳಿಗೆ ದನಕರುಗಳ ಹಾಗೆ ಬೇರೆಯಾಗಿ ಮೂತ್ರ ಇಲ್ಲ. ಹಿಕ್ಕೆಯ ಮೇಲೆ ಬಿಳಿಯಾಗಿ ಕಾಣುತ್ತದಲ್ಲ, ಅದೇ ಅದರ ಮೂತ್ರ. ಗಿಡಕ್ಕೆ ಬೇಕಾದ ಸಾರಜನಕ ಹೆಚ್ಚಾಗಿ ಇರುವುದು ಅದರಲ್ಲೇ. ಅಂಗಡಿಯಿಂದ ತರುವ ಯೂರಿಯಾದಲ್ಲಿ ಇರುವುದೂ ಸಾರಜನಕವೇ. ಹಿಕ್ಕೆ ಒಣಗಿದ್ದರೆ ಈ ಸಾರ ಅದರಲ್ಲೇ ಉಳಿಯುತ್ತದೆ. ನೀರು ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯಾ ಅನ್ನುವ ಗಾಳಿಯಾಗಿ ಮಾಡುತ್ತವೆ. ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ಮೂಗಿಗೆ ಖಾರ ಹೊಡೆದು ಕಣ್ಣಲ್ಲಿ ನೀರು ಬಂದರೆ ತಿಳಿದುಕೊಳ್ಳಿ, ನಿಮ್ಮ ಗೊಬ್ಬರ ಗಾಳಿಯಲ್ಲಿ ಹಾರಿ ಹೋಗುತ್ತಾ ಇದೆ. ನಾವು ಬಾಗಿಲಲ್ಲಿ ಒಂದು ನಿಮಿಷ ನಿಲ್ಲಲಾರೆವು, ಕೋಳಿ ರಾತ್ರಿಯಿಡೀ ಅದನ್ನೇ ಉಸಿರಾಡಿರುತ್ತದೆ. ಅದರ ಕಣ್ಣು, ಶ್ವಾಸಕೋಶ ಕೆಡುತ್ತದೆ.

ಎರಡನೆಯದು ರಕ್ತಭೇದಿ. ಇದಕ್ಕೆ ಕಾಕ್ಸಿಡಿಯೋಸಿಸ್ ಎನ್ನುತ್ತಾರೆ. ರೋಗದ ಕೋಳಿಯ ಹಿಕ್ಕೆಯಲ್ಲಿ ಕಣ್ಣಿಗೆ ಕಾಣದ ತತ್ತಿಗಳು ಹೊರಗೆ ಬರುತ್ತವೆ. ನೆಲ ಬೆಚ್ಚಗೆ, ಹಸಿಯಾಗಿ ಇದ್ದರೆ ಒಂದೆರಡು ದಿನದಲ್ಲೇ ಅವು ರೋಗ ಹರಡಲು ತಯಾರಾಗುತ್ತವೆ. ಮರಿಗಳು ಕೆದಕಿ ತಿನ್ನುತ್ತವೆ. ಮೂರರಿಂದ ಆರು ವಾರದ ಮರಿಗಳಿಗೆ ಇದರ ಕಾಟ ಹೆಚ್ಚು. ನೆಲ ಒಣಗಿದ್ದರೆ ಈ ತತ್ತಿಗಳ ಆಟ ನಡೆಯೋದಿಲ್ಲ. ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಯಬೇಡ್ರಿ, ಅದೇ ದಿನ ಪಶು ಆಸ್ಪತ್ರೆಗೆ ಹೋಗಿ ಔಷಧ ಕೇಳಿ.

ಏನು ಹಾಸಬೇಕು?

ಹಳಿಯಾಳ, ಮುಂಡಗೋಡ ಕಡೆ ಭತ್ತದ ಹೊಟ್ಟು ಸಿಗುತ್ತದೆ. ಅದು ಒಳ್ಳೆಯದು, ಬೇಗ ಮುದ್ದೆಯಾಗೋದಿಲ್ಲ. ದಾಂಡೇಲಿ ಕಡೆ ಕಟ್ಟಿಗೆ ಪುಡಿ ತರುವವರು ಬಿಸಿಲಲ್ಲಿ ಒಣಗಿಸಿಯೇ ಹಾಸಬೇಕು. ಹಸಿ ಪುಡಿಗೆ ಬೂಷ್ಟು ಬರುತ್ತದೆ, ಬೂಷ್ಟು ಕೋಳಿಯ ಶ್ವಾಸಕೋಶಕ್ಕೆ ವಿಷ. ಔಷಧ ಹೊಡೆದ ಮರದ ಪುಡಿ, ಬಣ್ಣ ಬಳಿದ ಹಲಗೆಯ ಪುಡಿ ಬೇಡವೇ ಬೇಡ. ಶೇಂಗಾ ಸಿಪ್ಪೆ, ಕತ್ತರಿಸಿದ ಒಣ ಹುಲ್ಲು ಕೂಡ ಆಗುತ್ತದೆ.

ಮರಿಗಳಿಗೆ 2 ಇಂಚು ಹಾಸಿದರೆ ಸಾಕು. ಮೊದಲ ಮೂರು-ನಾಲ್ಕು ದಿನ ಮೇಲೆ ಹಳೇ ಪೇಪರ್ ಹಾಕಿ, ಇಲ್ಲದಿದ್ದರೆ ಮರಿಗಳು ಹೊಟ್ಟನ್ನೇ ತಿನ್ನುತ್ತವೆ. ದೊಡ್ಡ ಕೋಳಿಗೆ 4ರಿಂದ 6 ಇಂಚು ಬೇಕು. ಒಂದು ದೊಡ್ಡ ಕೋಳಿಗೆ ಸುಮಾರು 2 ಚದರ ಅಡಿ ಜಾಗ ಕೊಡಬೇಕು. 6 ಅಡಿ ಉದ್ದ, 4 ಅಡಿ ಅಗಲದ ಗೂಡು ಅಂದರೆ 12 ಕೋಳಿ, ಅದಕ್ಕೆ ಎರಡು-ಮೂರು ಗೋಣಿಚೀಲ ಹೊಟ್ಟು. ಜೋಯಿಡಾದ ಮಳೆ ನಿಮಗೆ ಗೊತ್ತೇ ಇದೆ. ಜೂನ್ ಬಂದ ಮೇಲೆ ಒಣ ಹೊಟ್ಟು ಹುಡುಕಿದರೆ ಸಿಗೋದಿಲ್ಲ. ಮೇ ತಿಂಗಳಲ್ಲೇ ನಾಲ್ಕೈದು ಚೀಲ ಅಟ್ಟದ ಮೇಲೆ ಇಟ್ಟುಕೊಳ್ಳಿ.

ಒಣಗಿಸಿ ಇಡುವುದು ಹೇಗೆ?

ಗೂಡು ಹಸಿಯಾಗಲು ಮಳೆಗಿಂತ ಹೆಚ್ಚಾಗಿ ನೀರಿನ ಪಾತ್ರೆಯೇ ಕಾರಣ ಆಗಿರುತ್ತದೆ. ಪಾತ್ರೆಯನ್ನು ಇಟ್ಟಿಗೆಯ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಇಡಿ. ಚೆಲ್ಲಿದ ಜಾಗದ ಹೊಟ್ಟನ್ನು ಅವತ್ತೇ ತೆಗೆದು ಒಣ ಹೊಟ್ಟು ಹಾಕಿ. ಸೂರು ಗೋಡೆಯಿಂದ 3 ಅಡಿ ಹೊರಗೆ ಇರಲಿ. ಮಳೆಗೆ ಗೋಣಿ ಪರದೆ ಕಟ್ಟಿ, ಆದರೆ ಮೇಲುಗಡೆ ಗಾಳಿ ಆಡಲು ಜಾಗ ಬಿಡಿ. ಮಳೆ ನಿಂತ ಕೂಡಲೇ ಪರದೆ ಎತ್ತಿ. ಚಳಿ ಅಂತ ಪೂರ್ತಿ ಮುಚ್ಚಿದರೆ ಅಮೋನಿಯಾ ಒಳಗೇ ನಿಲ್ಲುತ್ತದೆ.

ಕೋಳಿ ಹೊರಗೆ ಬಿಟ್ಟ ಮೇಲೆ ಹಾಸನ್ನು ಕೆದಕಬೇಕು. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಮಳೆಗಾಲದಲ್ಲಿ ದಿನ ಬಿಟ್ಟು ದಿನ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಕೆಲಸ ಆದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಚಿಕ್ಕ ಮಕ್ಕಳ ಕೈಲಿ ಈ ಕೆಲಸ ಮಾಡಿಸಬೇಡ್ರಿ.

ಪರೀಕ್ಷೆ ಸುಲಭ. ಒಂದು ಹಿಡಿ ಹಾಸನ್ನು ಗಟ್ಟಿಯಾಗಿ ಹಿಸುಕಿ ಕೈ ಬಿಡಿಸಿ. ಉಂಡೆ ಹಾಗೇ ನಿಂತರೆ ಹಸಿ ಹೆಚ್ಚಾಗಿದೆ. ಸ್ವಲ್ಪ ಅಂಟಿ ತಾನೇ ಒಡೆದರೆ ಸರಿ ಇದೆ. ಧೂಳಾಗಿ ಹಾರಿದರೆ ತೀರಾ ಒಣಗಿದೆ, ಅದೂ ಒಳ್ಳೆಯದಲ್ಲ.

ಈಗ ಸುಣ್ಣದ ವಿಷಯ. ವಾಸನೆ ಬಂತು ಅಂತ ಹಸಿ ಹಿಕ್ಕೆಯ ಮೇಲೆ ಸುಣ್ಣ, ಬೂದಿ ಚೆಲ್ಲುವವರಿದ್ದಾರೆ. ಅವೆರಡೂ ಹಿಕ್ಕೆಯಲ್ಲಿನ ಅಮೋನಿಯಾವನ್ನು ಇನ್ನೂ ಬೇಗ ಹೊರಗೆ ಹಾಕುತ್ತವೆ. ವಾಸನೆ ಜಾಸ್ತಿಯಾಗುತ್ತದೆ, ಗೊಬ್ಬರದ ಸಾರವೂ ಹೋಗುತ್ತದೆ. ಸುಣ್ಣಕ್ಕೆ ಅದರದೇ ಸಮಯ ಇದೆ: ಒಂದು ಬ್ಯಾಚ್ ಕೋಳಿ ಮಾರಿದ ಮೇಲೆ ಹಾಸೆಲ್ಲ ತೆಗೆದು, ಗುಡಿಸಿ, ಒಣಗಿಸಿ, ನೆಲಕ್ಕೂ ಗೋಡೆಗೂ ಸುಣ್ಣ ಬಳಿಯಿರಿ. ಎರಡು ವಾರ ಗೂಡು ಖಾಲಿ ಇರಲಿ. ಆಮೇಲೆ ಹೊಸ ಮರಿ.

ಇನ್ನು ತಿಪ್ಪೆ

ಕೃಷಿ ಪುಸ್ತಕಗಳ ಲೆಕ್ಕದಲ್ಲಿ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡಾ 0.5ರಷ್ಟು, ಕೋಳಿ ಗೊಬ್ಬರದಲ್ಲಿ ಶೇಕಡಾ 3ರಷ್ಟು. ರಂಜಕ, ಪೊಟ್ಯಾಷ್ ಕೂಡ ಹೆಚ್ಚು. ಹಾಗಂತ ಹಸಿ ಹಿಕ್ಕೆಯನ್ನು ನೇರ ಗಿಡದ ಬುಡಕ್ಕೆ ಹಾಕಬೇಡ್ರಿ. ಬೇರು ಸುಡುತ್ತದೆ. ಅದರಲ್ಲಿ ವಾಂತಿಭೇದಿ ತರುವ ರೋಗಾಣುಗಳೂ ಇರುತ್ತವೆ. ಕೊತ್ತಂಬರಿ, ಮೂಲಂಗಿ, ಸೌತೆಕಾಯಿ ನಾವು ಹಸಿಯಾಗಿಯೇ ತಿನ್ನುತ್ತೇವಲ್ಲ? ಅದಕ್ಕೇ ಕೊಳೆಸಿಯೇ ಹಾಕಬೇಕು.

ಬರೀ ಹಿಕ್ಕೆ ಇದ್ದರೆ ಒಂದು ಬುಟ್ಟಿಗೆ ಮೂರು ಬುಟ್ಟಿ ಒಣ ಕಸ. ಹೊಟ್ಟು ಬೆರೆತ ಹಳೇ ಹಾಸಾದರೆ ಒಂದಕ್ಕೆ ಒಂದು. ಒಣ ಕಸ ಅಂದರೆ ಅಂಗಳದ ದರಕು, ಒಣ ಹುಲ್ಲು, ಗೋವಿನಜೋಳದ ದಂಟು. ಹಳಿಯಾಳದ ಕಡೆ ಕಬ್ಬಿನ ರವದಿ ಸುಡುವ ಬದಲು ಇದಕ್ಕೇ ತನ್ನಿ. ತೇಗದ ಎಲೆ ದಪ್ಪ, ಹರಿದು ಹಾಕಿ.

ಕೆಳಗೆ ಕಡ್ಡಿ-ಕಸ ಹರಡಿ, ಮೇಲೆ ಒಂದು ಪದರ ಒಣ ಕಸ, ಒಂದು ಪದರ ಹಿಕ್ಕೆ, ನೀರು ಚಿಮುಕಿಸುವುದು, ಮತ್ತೆ ಪದರ. ಕೊನೆಗೆ ಉದ್ದ, ಅಗಲ, ಎತ್ತರ ಮೂರೂ ಕನಿಷ್ಠ 3 ಅಡಿ ಇರಲಿ. ಅದಕ್ಕಿಂತ ಚಿಕ್ಕದಾದರೆ ಕಾವು ನಿಲ್ಲೋದಿಲ್ಲ. ಒಬ್ಬರ ಮನೆಯ ಹಿಕ್ಕೆ ಸಾಲದಿದ್ದರೆ ನೆರೆಯ ಇಬ್ಬರು ಸೇರಿ ಒಂದು ತಿಪ್ಪೆ ಹಾಕಿ. ಹಿಡಿ ಹಿಸುಕಿದರೆ ಒಂದೆರಡು ಹನಿ ನೀರು ಬರುವಷ್ಟು ಹಸಿ ಬೇಕು. ಜೋಯಿಡಾದಂಥ ಮಳೆ ಊರಿನಲ್ಲಿ ಗುಂಡಿ ತೆಗೆದರೆ ಅದು ಕೆರೆಯಾಗುತ್ತದೆ. ನೆಲದ ಮೇಲೇ ರಾಶಿ ಹಾಕಿ, ಮೇಲೆ ಮಾಡು ಅಥವಾ ತಾಡಪತ್ರಿ ಇರಲಿ. ಬಾವಿಯಿಂದ 50 ಅಡಿಯಾದರೂ ದೂರ, ಬಾವಿಗಿಂತ ತಗ್ಗಿನಲ್ಲಿ.

ಮೂರು-ನಾಲ್ಕು ದಿನಕ್ಕೆ ತಿಪ್ಪೆ ಬಿಸಿಯಾಗಬೇಕು. ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿ ಹಿಡಿಯಲಾರದಷ್ಟು ಬಿಸಿ ಇದ್ದರೆ ಕೆಲಸ ನಡೆದಿದೆ. ಆ ಬಿಸಿಯೇ ರೋಗಾಣುಗಳನ್ನೂ ಕಳೆ ಬೀಜವನ್ನೂ ಕೊಲ್ಲುತ್ತದೆ. ಬಿಸಿ ಇಲ್ಲ, ಒಣಗಿದೆ ಅಂದರೆ ನೀರು ಹಾಕಿ. ನಾರುತ್ತದೆ ಅಂದರೆ ಒಣ ಕಸ ಸೇರಿಸಿ. ಎಂಟು-ಹತ್ತು ದಿನಕ್ಕೊಮ್ಮೆ, ಮೂರು-ನಾಲ್ಕು ಸಲ, ಹೊರಗಿನದು ಒಳಗೆ ಹೋಗುವಂತೆ ಮಗುಚಿ. ಆಮೇಲೆ ಒಂದು ತಿಂಗಳು ಮುಟ್ಟಬೇಡ್ರಿ.

ಎರಡೂವರೆ-ಮೂರು ತಿಂಗಳಿಗೆ ಗೊಬ್ಬರ ಕಪ್ಪಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಹೊಟ್ಟು ಅಲ್ಲಲ್ಲಿ ಕಂಡರೆ ಚಿಂತೆ ಬೇಡ, ಅದು ಕೊಳೆಯುವುದು ನಿಧಾನ. ಒಂದು ಕರಟದಲ್ಲಿ ಗೊಬ್ಬರ ತುಂಬಿ ನಾಲ್ಕು ಮೆಂತ್ಯ ಕಾಳು ಹಾಕಿ ನೋಡಿ. ಚೆನ್ನಾಗಿ ಮೊಳೆತರೆ ಗೊಬ್ಬರ ತಯಾರು. ಕೈತೋಟದಲ್ಲಿ 10 ಚದರ ಅಡಿಗೆ ಸುಮಾರು 2 ಕಿಲೋ ಸಾಕು.

ಒಂದು ಎಚ್ಚರಿಕೆ

ನಮ್ಮ ದೇಶದಲ್ಲಿ ಹಕ್ಕಿ ಜ್ವರ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕದಲ್ಲಿ 2020ರಲ್ಲಿ ಮೈಸೂರು, ದಾವಣಗೆರೆ ಜಿಲ್ಲೆಗಳಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಬಂತು. ಇಂಥ ರೋಗ, ನಮ್ಮ ಕೊಕ್ಕರೆ ರೋಗ ಕೂಡ, ಹಿಕ್ಕೆ, ಹಳೇ ಹಾಸು, ಚೀಲ, ಚಪ್ಪಲಿ ಹಿಡಿದು ಊರಿಂದ ಊರಿಗೆ ಹೋಗುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ ಹೊರಗಿನ ಫಾರಂನ ಹಸಿ ಹಾಸನ್ನು ಕೋಳಿ ಓಡಾಡುವ ಅಂಗಳಕ್ಕೆ ತರಬೇಡ್ರಿ. ಒಮ್ಮೆಲೇ ಹಲವು ಕೋಳಿ ಸತ್ತರೆ ತಿಪ್ಪೆಗೆ ಎಸೆಯಬೇಡಿ, ಬರಿಗೈಲಿ ಮುಟ್ಟಬೇಡಿ, ಮೊದಲು ಪಶು ಆಸ್ಪತ್ರೆಗೆ ತಿಳಿಸಿ.

ಕೊನೆಗೆ ಒಂದು ಲೆಕ್ಕ. ಹಗಲು ಹೊರಗೆ ಮೇಯುವ ಹತ್ತು ಕೋಳಿ ಒಂದು ರಾತ್ರಿಗೆ ಅಂದಾಜು ಅರ್ಧ ಕಿಲೋ ಹಿಕ್ಕೆ ಹಾಕುತ್ತವೆ ಅಂತ ಹಿಡಿಯಿರಿ. ವರ್ಷಕ್ಕೆ 180 ಕಿಲೋ. ಇದು ಇಷ್ಟು ದಿನ ಯಾರ ಲೆಕ್ಕದಲ್ಲೂ ಇರಲಿಲ್ಲ. ಗೂಡು ಗುಡಿಸುವವರು ನಾವು, ಗೊಬ್ಬರ ಮಾತ್ರ ಲೆಕ್ಕವಿಲ್ಲದೆ ಹೊಲ ಸೇರುತ್ತದೆ. ಇನ್ನು ಮೇಲೆ ನಿಮ್ಮ ಕೋಳಿ ಲೆಕ್ಕದ ಪುಸ್ತಕದಲ್ಲಿ ಮೊಟ್ಟೆ, ಮಾಂಸದ ಪಕ್ಕ ಮೂರನೇ ಕಲಂ ಹಾಕಿ: ಗೊಬ್ಬರ, ಎಷ್ಟು ಬುಟ್ಟಿ, ಎಲ್ಲಿಗೆ ಹೋಯಿತು, ಮಾರಿದರೆ ಎಷ್ಟು ಬಂತು. ನಿಮ್ಮ ದುಡಿಮೆ ಮನೆಯವರ ಕಣ್ಣಿಗೂ ಬೀಳುತ್ತದೆ, ಸಾಲದ ಕಂತಿಗೂ ಒಂದು ಆಸರೆ ಆಗುತ್ತದೆ.

ಮುಂದಿನ ವಾರದ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಗೂಡಿನ ಒಂದು ಹಿಡಿ ಹಾಸನ್ನು ಹಿಸುಕಿ ನೋಡಿಕೊಂಡು ಬನ್ನಿ. ಉಂಡೆ ನಿಂತಿತೋ, ಒಡೆಯಿತೋ ಅಂತ ಎಲ್ಲರ ಮುಂದೆ ಹೇಳಿ. ಅಲ್ಲಿಂದಲೇ ಕೆಲಸ ಶುರುಮಾಡೋಣ.